ರೊಕ್ಕ, ದುಡಿಮೆ, ಯಂತ್ರ: ನಮ್ಮ ಸೀಮೆಯ ಮೂರು ಮಾತುಗಳು

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ)

ಹಣದ ಕಾರ್ಯಗಳು ನಾಲ್ಕು ಎಂದು ಬಿ.ಎ. ಮೊದಲನೆಯ ವರ್ಷದ ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತೆವು. ವಿನಿಮಯದ ಮಾಧ್ಯಮ, ಮೌಲ್ಯದ ಅಳತೆ, ಮೌಲ್ಯದ ಸಂಗ್ರಹ, ಮುಂದಿನ ಪಾವತಿಯ ಮಾನದಂಡ. ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಪಡೆದೆವು. ಪಾಠವಾದ ದಿನ ಸಂಜೆ ಊರಿಗೆ ಹೋದವಳು, ಕಲಿತದ್ದನ್ನು ಯಾರಿಗಾದರೂ ಹೇಳಲೇಬೇಕೆಂಬ ಹೊಸ ವಿದ್ಯಾರ್ಥಿಯ ಚಪಲದಿಂದ ಅಜ್ಜಿಯ ಮುಂದೆ ಈ ನಾಲ್ಕನ್ನೂ ಒಪ್ಪಿಸಿದೆ. ಆಕೆ ಶೇಂಗಾ ಸುಲಿಯುತ್ತಿದ್ದಳು. ಎಲ್ಲವನ್ನೂ ಕೇಳಿ, "ಖರೆ ಐತಿ. ಆದ್ರ ಕೊಟ್ಟ ರೊಕ್ಕ ತಿರುಗಿ ಬರಲಿಲ್ಲಂದ್ರ ಯಾರ ಮನಿ ಮುಂದ ಹೋಗಿ ಕುಂದ್ರಬೇಕು ಅನ್ನೂದು ನಿಮ್ಮ ಪುಸ್ತಕದಾಗ ಇಲ್ಲೇನು?" ಎಂದಳು. ನಾನು ನಕ್ಕುಬಿಟ್ಟೆ. ಈಗ ಅಂತಿಮ ವರ್ಷದಲ್ಲಿದ್ದೇನೆ. ಆ ನಗುವನ್ನು ನೆನೆದರೆ ಸ್ವಲ್ಪ ನಾಚಿಕೆಯಾಗುತ್ತದೆ. ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

ನಾನು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯವಳು. ಕುಕನೂರು, ಭಾನಾಪುರದ ಮೇಲೆ ಕೊಪ್ಪಳಕ್ಕೆ ಬರುವ ಬಸ್ಸಿನಲ್ಲಿ ಹೋಗಿಬರುವುದಕ್ಕೆ ದಿನಕ್ಕೆ ಮೂರು ತಾಸು ಹಿಡಿಯುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಕೈಗೆ ಸೊನ್ನೆ ರೂಪಾಯಿಯ ಟಿಕೀಟು ಬಂತು. ಬಸ್ಸಿನಲ್ಲಿ ಮಾತೂ ಹೆಚ್ಚಾಯಿತು. ಸಂತೆಗೆ ಹೋಗುವವರು, ದವಾಖಾನೆಗೆ ಹೋಗುವವರು, ಗಿಣಿಗೇರಿಯ ಕಡೆಯ ಕಾರಖಾನೆಗಳಿಗೆ ಪಾಳಿಯ ಮೇಲೆ ಹೋಗುವವರು, ಎಲ್ಲರೂ ಅದರಲ್ಲಿರುತ್ತಾರೆ. ಮಳೆಯ ಮಾತು, ಮದುವೆಯ ಮಾತು ಬಿಟ್ಟರೆ ಆ ಬಸ್ಸಿನಲ್ಲಿ ಮೇಲಿಂದ ಮೇಲೆ ಕಿವಿಗೆ ಬೀಳುವ ಮಾತುಗಳು ಮೂರು. "ಕಣ್ಣಿಗೆ ಕಾಣದ ರೊಕ್ಕ ರೊಕ್ಕಲ್ಲ." "ನೌಕರಿ ಅಂದ್ರ ಸರ್ಕಾರದ್ದು, ಉಳಿದದ್ದೆಲ್ಲಾ ಕೂಲಿ." "ಮಷೀನು ಬಂತು, ಕೂಲಿ ಹೋತು." ಓದಿದ ನಾವು ಇವನ್ನು ಹಿಂದುಳಿದವರ ಮಾತುಗಳೆಂದು ತಳ್ಳಿಹಾಕುತ್ತೇವೆ, ನಮ್ಮದು ಹಿಂದುಳಿದ ಜಿಲ್ಲೆಯೆಂದು ಭಾಷಣಗಳಲ್ಲಿ ಕೇಳಿ ಕೇಳಿ ಅದು ನಮಗೆ ರೂಢಿಯಾಗಿಬಿಟ್ಟಿದೆ. ಆದರೆ ಈ ಮೂರು ಮಾತುಗಳ ಹಿಂದೆ ಒಂದು ಲೆಕ್ಕವಿದೆಯೆಂದು ನನಗೆ ತೋರುತ್ತದೆ. ಅದು ನನ್ನ ಅಜ್ಜಿಯ ಪ್ರಶ್ನೆಯೇ: ತಪ್ಪಾದರೆ ಯಾರನ್ನು ಕೇಳಬೇಕು?

ಮೊದಲು ಸೀಮೆಯ ವಿಷಯ ಎರಡು ಮಾತು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ನಮ್ಮ ಜಿಲ್ಲೆಯಾದಾಗ ಇದ್ದ ತಾಲೂಕುಗಳು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಆಮೇಲೆ ಕುಕನೂರು, ಕನಕಗಿರಿ, ಕಾರಟಗಿಗಳು ಸೇರಿ ಏಳಾದವು. ಆದರೆ ಜನರ ಬಾಯಲ್ಲಿ ಇನ್ನೂ ನಾಲ್ಕೇ. ಈ ನಾಲ್ಕರಲ್ಲಿ ಗಂಗಾವತಿಯದು ಬೇರೆ ಲೋಕ. ಮುನಿರಾಬಾದಿನ ಬಳಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ ಅಲ್ಲಿ ಭತ್ತ, ಅಕ್ಕಿ ಗಿರಣಿ, ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪುಗಳು. ಯಲಬುರ್ಗಾ, ಕುಷ್ಟಗಿಗಳು ಮುಗಿಲು ನೋಡುವ ಸೀಮೆ. ನಡುವೆ ಕೊಪ್ಪಳ, ಅರ್ಧ ಹೊಲ, ಅರ್ಧ ಹೊಗೆಗೊಳವೆ. ನೀರು ಎಲ್ಲಿದೆಯೋ ಅಲ್ಲಿ ಒಂದು ಅಭಿಪ್ರಾಯ, ಇಲ್ಲದಲ್ಲಿ ಇನ್ನೊಂದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ವಾಚಕರಲ್ಲಿ ಪ್ರಾರ್ಥನೆ.

ಇನ್ನು ರೊಕ್ಕದ ಮಾತು. ನಮ್ಮ ಹಿರಿಯರು ಕಾಣದ ಸಂಪತ್ತನ್ನು ನಂಬುತ್ತಿರಲಿಲ್ಲವೆಂಬುದು ನಿಜವಲ್ಲ. ಹಗೇವು ಎಂದರೇನು? ನೆಲದೊಳಗೆ ತೋಡಿದ ಜೋಳದ ಕಣಜ. ಒಳಮೈಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಮುಂದೆ ಅದರ ಒಂದು ಕಾಳೂ ಕಣ್ಣಿಗೆ ಬೀಳುತ್ತಿರಲಿಲ್ಲ. ತೆಗೆಯುವಾಗಲೂ ಒಮ್ಮೆಲೇ ಇಳಿಯುವಂತಿರಲಿಲ್ಲ. ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ಬಾಯಿ ತೆರೆದಿಟ್ಟು ಹೊತ್ತು ಕಳೆಯಬೇಕು, ಕಂದೀಲು ಇಳಿಬಿಟ್ಟು ದೀಪ ನಿಲ್ಲುತ್ತದೆಯೋ ಆರುತ್ತದೆಯೋ ನೋಡಬೇಕು, ಆಮೇಲೆ ಮನುಷ್ಯ ಇಳಿಯಬೇಕು. ಬರಗಾಲದ ವರ್ಷಕ್ಕೆಂದು ಇಂಥ ಕತ್ತಲೆಯಲ್ಲಿ ಮನೆಯ ಜೀವವನ್ನೇ ಇಟ್ಟವರು, ಕಾಣದ್ದನ್ನು ನಂಬದವರು ಹೇಗಾದಾರು? ಅವರು ನಂಬಿದ್ದು ಏಕೆಂದರೆ, ಬಾಯಿ ಮುಚ್ಚಿದವರು ಯಾರೆಂಬುದು ಗೊತ್ತಿತ್ತು, ತೆರೆಯುವ ಕ್ರಮ ಗೊತ್ತಿತ್ತು, ಕದ್ದು ತೆರೆದರೆ ಓಣಿಗೆಲ್ಲ ಕಾಣಿಸುತ್ತಿತ್ತು.

ಬ್ಯಾಂಕನ್ನೂ ಅವರು ಹೀಗೆಯೇ ನಂಬಿದರು. ಅಜ್ಜಿಯ ಟ್ರಂಕಿನಲ್ಲಿ ಹಳೆಯ ಪಾಸ್‌ಬುಕ್ಕುಗಳ ಒಂದು ಗಂಟಿದೆ. ಅವುಗಳಲ್ಲಿ ತೀರ ಹಳೆಯದರ ಮೇಲೆ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಎಂದಿದೆ. 1976ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ಬ್ಯಾಂಕು ಅದು. 2005ರಲ್ಲಿ ಬೇರೆ ಬ್ಯಾಂಕುಗಳೊಡನೆ ಕೂಡಿ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. 2013ರಲ್ಲಿ ಪ್ರಗತಿ ಕೃಷ್ಣ. 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಅದರಲ್ಲಿ ಸೇರಿತು. ಒಬ್ಬ ಮುದುಕಿಯ ಒಂದೇ ಖಾತೆಗೆ ಇಷ್ಟು ಹೆಸರುಗಳು! ಹೆಸರು ಬದಲಾದಾಗ ಆಕೆ ಅಂಜಿದಳೇ ಎಂದು ಕೇಳಿದೆ. "ಹೆಸರು ಬದಲಾದ್ರ ಏನಾತು, ಕುಂತಾವ್ರು ಅವ್ರೇ ಇದ್ರು," ಎಂದಳು. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯಿದೆ, ಆ ಮೊತ್ತವನ್ನು 2020ರ ಫೆಬ್ರುವರಿಯಲ್ಲಿ 1 ಲಕ್ಷದಿಂದ ಏರಿಸಿದ್ದಾರೆ ಎಂದು ನಾನು ವಿವರಿಸಿದೆ. ಆಕೆಗೆ ಅದು ಒಳ್ಳೆಯ ಸುದ್ದಿಯೇ ಆಯಿತು, ಆದರೆ ನಂಬಿಕೆಗೆ ಕಾರಣ ಅದಾಗಿರಲಿಲ್ಲ.

ಈಗ ಫೋನಿನ ರೊಕ್ಕ ಬಂದಿದೆ. 2016ರ ಏಪ್ರಿಲಿನಲ್ಲಿ ಯು.ಪಿ.ಐ. ಎಂಬ ವ್ಯವಸ್ಥೆ ಆರಂಭವಾಯಿತು. ಅದೇ ವರ್ಷ ನವೆಂಬರ್ 8ರ ರಾತ್ರಿ 500 ಮತ್ತು 1,000ದ ನೋಟುಗಳು ರದ್ದಾದವು. ಇಂದು ಕುಕನೂರಿನ ಮಿರ್ಚಿ ಗಾಡಿಯಲ್ಲಿಯೂ ಒಂದು ಪೆಟ್ಟಿಗೆ ಕೂತು, ಬಂದ ಹಣವನ್ನು ಕೂಗಿ ಹೇಳುತ್ತದೆ. ಇದರ ಒಳಗುಟ್ಟು ಅಷ್ಟೇನೂ ದೊಡ್ಡದಲ್ಲ. ನೋಟು ಎಲ್ಲಿಗೂ ಹೋಗುವುದಿಲ್ಲ. ಹಿಂದೆ ಅಡತಿ ಅಂಗಡಿಯವರು ಹುಂಡಿ ಬರೆಯುತ್ತಿದ್ದರಲ್ಲ, ಒಂದು ಊರಿನಲ್ಲಿ ಕಟ್ಟಿದ ಹಣವನ್ನು ಚೀಟಿಯ ಬಲದಿಂದ ಇನ್ನೊಂದು ಊರಿನಲ್ಲಿ ಪಡೆಯುವುದು, ಹಾಗೆಯೇ ಇದೂ. ನನ್ನ ಬ್ಯಾಂಕಿನ ಖಾತೆಯಲ್ಲಿ ಒಂದು ಅಂಕೆ ಕಡಿಮೆಯಾಗುತ್ತದೆ, ಮಿರ್ಚಿ ಮಾರುವವರ ಖಾತೆಯಲ್ಲಿ ಅಷ್ಟೇ ಅಂಕೆ ಹೆಚ್ಚುತ್ತದೆ, ನಡುವೆ ರಾಷ್ಟ್ರೀಯ ಪಾವತಿ ನಿಗಮ ಎಂಬ ಸಂಸ್ಥೆ ಆ ಎರಡು ಬರಹಗಳನ್ನೂ ತಾಳೆ ಹಾಕುತ್ತದೆ. ನಾವು ಒತ್ತುವ ಗುಪ್ತ ಸಂಖ್ಯೆ ನಮ್ಮ ಸಹಿ. ಅಜ್ಜಿಗೆ ಹುಂಡಿಯ ಹೋಲಿಕೆ ಕೊಟ್ಟೊಡನೆ ತಿಳಿಯಿತು. ನನಗೆ ತಿಳಿಯುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು.

ತಿಳಿದ ಮೇಲೂ ಆಕೆ ಒಪ್ಪಲಿಲ್ಲ. ಅದಕ್ಕೆ ಕಾರಣ ನನ್ನ ಸೋದರಮಾವನ ಪ್ರಸಂಗ. ಶೇಂಗಾ ಮಾರಿದ ಹಣ ಖಾತೆಯಲ್ಲಿತ್ತು. ಯಾರೋ ಫೋನು ಮಾಡಿ, ಅಚ್ಚ ಕನ್ನಡದಲ್ಲಿ, "ಅಣ್ಣಾರ, ನಿಮಗ ಸಬ್ಸಿಡಿ ಜಮಾ ಆಗಬೇಕಾಗೇತಿ, ಬಂದ ಮೆಸೇಜು ಒತ್ತಿ ನಂಬರು ಹಾಕ್ರಿ," ಎಂದರು. ಮಾವ ಹಾಕಿದ. 8,000 ರೂಪಾಯಿ ಹೋಯಿತು. ಹಣ ಬರುವುದಕ್ಕೆ ಗುಪ್ತ ಸಂಖ್ಯೆ ಬೇಕಾಗಿಯೇ ಇಲ್ಲ, ಅದು ಬೇಕಾಗುವುದು ಕೊಡುವುದಕ್ಕೆ ಎಂಬ ಒಂದು ಮಾತು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಮನೆಯಲ್ಲಿ ಓದಿದವಳು ನಾನೇ. ಇಂಥ ಮೋಸ ಹೆಚ್ಚಾದುದರಿಂದ ಒಬ್ಬ ವ್ಯಕ್ತಿ ಇನ್ನೊಬ್ಬನಿಗೆ ಹಣದ ಬೇಡಿಕೆ ಕಳಿಸುವ ಸೌಕರ್ಯವನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಒಳ್ಳೆಯದಾಯಿತು, ಆದರೆ ಮಾವನ ಹಣ ಅದಕ್ಕೆ ಮೊದಲೇ ಹೋಗಿತ್ತು. ಅವನು ಮೂರು ದಿನ ಯಾರಿಗೂ ಹೇಳಲಿಲ್ಲ, ನಾಚಿಕೆಯಿಂದ. ಹೇಳಿದ ಮೇಲೆ ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಕಳಿಸಿದರು, ಅಲ್ಲಿಯವರು ಮತ್ತೆ ಮೊದಲನೆಯದಕ್ಕೆ ಕಳಿಸಿದರು. 1930 ಎಂಬ ನಂಬರಿಗೆ ಕೂಡಲೇ ಫೋನು ಮಾಡಿದ್ದರೆ ಹಣ ಮುಂದಿನ ಕೈಗೆ ದಾಟುವ ಮೊದಲು ತಡೆಹಿಡಿಯುವ ಸಾಧ್ಯತೆ ಇತ್ತು. ಇದನ್ನು ಓದುವ ಗೆಳತಿಯರು ಈ ನಂಬರನ್ನು ಮನೆಯ ಗೋಡೆಯ ಮೇಲೆ ಇದ್ದಿಲಿನಿಂದಾದರೂ ಬರೆದಿಡಬೇಕು. ನಮ್ಮ ಮನೆಯಲ್ಲಿ ಬರೆದಿದ್ದೇವೆ.

ಅಂದಿನಿಂದ ಮಾವ ಮತ್ತೆ ನೋಟಿಗೆ ತಿರುಗಿದ್ದಾನೆ. ಅವನಿಗೆ ಯಂತ್ರದ ಭಯವಿಲ್ಲ. ಟ್ರ್ಯಾಕ್ಟರನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವವನು. "ಟ್ರ್ಯಾಕ್ಟರ್ ಕೆಟ್ರ ಮಿಸ್ತ್ರಿ ಕೊರಳಪಟ್ಟಿ ಹಿಡಿತೀನಿ. ಇಲ್ಲಿ ಯಾರ್ದು ಹಿಡೀಲಿ?" ಎಂಬುದು ಅವನ ವಾದ. ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ನಮ್ಮ ತಪ್ಪಿಲ್ಲದೆ, ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನ ಮೋಸದಿಂದ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನದಲ್ಲವೆಂದು 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿತು. ಆದರೆ ಗುಪ್ತ ಸಂಖ್ಯೆಯನ್ನು ತಾನೇ ಬಿಟ್ಟುಕೊಟ್ಟವನಿಗೆ, ತಿಳಿಸುವವರೆಗಿನ ನಷ್ಟ ಅವನದೇ. ಕಾಯಿದೆಯ ದೃಷ್ಟಿಯಿಂದ ಇದು ನ್ಯಾಯವೇ ಇರಬಹುದು. ಓದು ಬಾರದವನ ದೃಷ್ಟಿಯಿಂದ ನೋಡಿದರೆ, ಸಹಿಯ ಬೆಲೆ ಹೇಳದೆ ಅವನಿಂದ ಸಹಿ ಹಾಕಿಸಿಕೊಂಡಂತೆ.

ಮುಖ ನೋಡಿ ಹಣ ಕೊಡುವ ಪದ್ಧತಿಯಿಂದಲೂ ದೊಡ್ಡ ಕೆಲಸಗಳಾಗಿವೆ ಎಂಬುದಕ್ಕೆ ಸಾಕ್ಷಿ ಹುಡುಕಿ ಬಹಳ ದೂರ ಹೋಗಬೇಕಾಗಿಲ್ಲ. ಭಾನಾಪುರದಲ್ಲಿ ರೈಲು ಹತ್ತಿದರೆ ಗದಗ. ಆ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ದೇಶದಲ್ಲಿಯೇ ಅಂಥ ಮೊದಲನೆಯ ಸಂಘವೆಂದು ಅದರ ಖ್ಯಾತಿ. ಅದರ ಹಿಂದಿನ ವರ್ಷ ಬಂದ 1904ರ ಕಾಯಿದೆಯಂತೆ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆ ಅಪರಿಮಿತ. ಸಂಘ ಮುಳುಗಿದರೆ ಎಲ್ಲರೂ ಸೇರಿ ತೆರಬೇಕು. ಹೀಗಿದ್ದುದರಿಂದ ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂಬುದನ್ನು ಊರೇ ತೂಗಿ ನೋಡುತ್ತಿತ್ತು.

ಇಂದು ನಮ್ಮ ಓಣಿಗಳಲ್ಲಿ 'ಸಂಘ' ಎಂದರೆ ಬೇರೆ ಅರ್ಥ. ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಮೋಟಾರ್ ಸೈಕಲ್ಲಿನ ಮೇಲೆ ಒಬ್ಬ ಹುಡುಗ ಬರುತ್ತಾನೆ, ಹತ್ತು ಹೆಣ್ಣುಮಕ್ಕಳನ್ನು ಕೂಡಿಸುತ್ತಾನೆ, ಕಂತು ವಸೂಲು ಮಾಡಿ ಫೋನಿನಲ್ಲಿ ಒತ್ತಿಕೊಂಡು ಹೋಗುತ್ತಾನೆ. ಅಡವು ಇಲ್ಲ, ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಕೇಳುವುದಕ್ಕೆ ಒಂದು ಮುಖ ಬೇಕೆಂಬ ನಮ್ಮ ಜನರ ನಂಬಿಕೆಯನ್ನು ಈ ಫೈನಾನ್ಸಿನವರು ಚೆನ್ನಾಗಿ ಬಲ್ಲರು. ಆದರೆ ಅವರು ಮುಂದಿಟ್ಟ ಮುಖ ಅವರದಲ್ಲ, ನಮ್ಮ ಪಕ್ಕದ ಮನೆಯವಳದು. ಕಂತಿನ ದಿನ ಎರಡು ಮನೆಗಳ ನಡುವಿನ ಮಾತು ನಿಲ್ಲುವುದನ್ನು ನಾನು ನೋಡಿದ್ದೇನೆ.

ಕಳೆದ ವರ್ಷ ನಮ್ಮವ್ವ ಇಂಥ ಒಂದು ಕಡೆ 36,000 ರೂಪಾಯಿ ಎತ್ತಿದಳು. ನನ್ನ ಫೀ, ತಮ್ಮನ ಐ.ಟಿ.ಐ. ಫೀ, ಉಳಿದದ್ದು ಬೀಜ-ಗೊಬ್ಬರಕ್ಕೆ. ವಿಮೆ, ಶುಲ್ಕ ಎಂದು 900 ಹಿಡಿದುಕೊಂಡು ಕೈಗೆ ಕೊಟ್ಟದ್ದು 35,100. "ಬಡ್ಡಿ ನೂರಕ್ಕ ಒಂದ ರೂಪಾಯಿ ಅಷ್ಟ, ಯಕ್ಕಾ," ಎಂದಿದ್ದ ಆ ಹುಡುಗ. ತಿಂಗಳ ಕಂತು 3,360; ಹನ್ನೆರಡು ತಿಂಗಳು. ನೂರಕ್ಕೆ ಮೂರರಂತೆ ಊರಲ್ಲಿ ಕೈಗಡ ತಂದವರಿಗೆ ನೂರಕ್ಕೆ ಒಂದು ಎಂದರೆ ಪುಕ್ಕಟೆಯಂತೆಯೇ. ನಾನು ಒಂದು ಸಂಜೆ ಕೂತು ಲೆಕ್ಕ ಹಾಕಿದೆ. ವಾಚಕರೂ ಕಾಗದ ತೆಗೆದುಕೊಂಡು ನನ್ನೊಡನೆ ಹಾಕಬೇಕು.

ಅಸಲು ತಿಂಗಳಿಗೆ 3,000ದಂತೆ ಇಳಿಯುತ್ತದೆ. ಮೊದಲನೆಯ ತಿಂಗಳು ಅವ್ವನ ಮೇಲಿರುವ ಸಾಲ 36,000. ನೂರಕ್ಕೆ ಒಂದರಂತೆ ಬಡ್ಡಿ 360. ಸರಿ. ಎರಡನೆಯ ತಿಂಗಳು ಸಾಲ 33,000. ಬಡ್ಡಿ 330 ಆಗಬೇಕು. ಆದರೆ ಕೊಡುವುದು 360. ಏಳನೆಯ ತಿಂಗಳು ಸಾಲ 18,000, ಆಗಲೂ 360. ಕೊನೆಯ ತಿಂಗಳು ಉಳಿದದ್ದು ಬರೀ 3,000, ಅದಕ್ಕೂ 360! ಎಂದರೆ ಆ ತಿಂಗಳು ನೂರಕ್ಕೆ ಹನ್ನೆರಡು. ಇಳಿಯುತ್ತಿರುವ ಸಾಲದ ಮೇಲೆ ನೂರಕ್ಕೆ ಒಂದರಂತೆ ಹಿಡಿದಿದ್ದರೆ ವರ್ಷದ ಬಡ್ಡಿ 2,340 ಆಗುತ್ತಿತ್ತು, ಕಟ್ಟಬೇಕಾದದ್ದು 4,320. ವರ್ಷವಿಡೀ ಸರಾಸರಿಯಾಗಿ ಅವ್ವನ ಕೈಯಲ್ಲಿದ್ದ ಸಾಲ 19,500 ಮಾತ್ರ. 19,500ಕ್ಕೆ 4,320 ಎಂದರೆ ಶೇಕಡಾ 22. ಮುರಿದುಕೊಂಡ 900ನ್ನು ಸೇರಿಸಿದರೆ ಇನ್ನೂ ಮೇಲೆ. 'ವರ್ಷಕ್ಕೆ ಹನ್ನೆರಡು' ಎಂಬುದು ಬಾಯಿಮಾತು. ಮೊದಲ ಅಸಲಿನ ಮೇಲೆಯೇ ಕೊನೆಯವರೆಗೂ ಬಡ್ಡಿ ಹಿಡಿಯುವ ಈ ಕ್ರಮಕ್ಕೆ ಫ್ಲಾಟ್ ಬಡ್ಡಿ ಎನ್ನುತ್ತಾರೆ.

ಹಾಗಾದರೆ ಅವ್ವ ಮೋಸ ಹೋದಳೇ? ಇಲ್ಲ, ಅಷ್ಟು ಸುಲಭವಾಗಿ ಹೇಳಲಾಗದು. ನೂರಕ್ಕೆ ಮೂರೆಂದರೆ ವರ್ಷಕ್ಕೆ 36. ಅದಕ್ಕಿಂತ ಇದು ಕಡಿಮೆಯೇ. ಆದರೆ ಊರಿನ ಸಾಹುಕಾರ ಸುಗ್ಗಿಯವರೆಗೆ ಕಾಯುತ್ತಾನೆ, ಕಂತು ಕಾಯುವುದಿಲ್ಲ. ಮಳೆ ತಪ್ಪಿದ ವರ್ಷ ಸಾಹುಕಾರನ ಮನೆಯ ಕಟ್ಟೆಯ ಮೇಲೆ ಕೂತು ಮಾತಾಡಬಹುದು. ಮೋಟಾರ್ ಸೈಕಲ್ಲಿನ ಹುಡುಗನೊಡನೆ ಮಾತಾಡಿ ಪ್ರಯೋಜನವಿಲ್ಲ. ಪಾಪ, ಅವನೂ ನಮ್ಮಂಥ ಮನೆಯವನೇ, ಪದವೀಧರ, ವಸೂಲಾಗದಿದ್ದರೆ ಅವನ ಪಗಾರಕ್ಕೆ ಕುತ್ತು. ಕಾಯಿದೆಗಳು ಇಲ್ಲದಿಲ್ಲ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಅಡವಿಲ್ಲದೆ ಕೊಡುವ ಇಂಥ ಸಾಲಗಳಿಗೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮಗಳನ್ನು ಮಾಡಿದೆ: ಒಂದು ಮನೆಯ ಎಲ್ಲ ಸಾಲಗಳ ಕಂತುಗಳೂ ಕೂಡಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು, ನಿಜವಾದ ವಾರ್ಷಿಕ ಬಡ್ಡಿಯನ್ನು ಬರೆದ ವಿವರ ಪತ್ರವನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ವಸೂಲಿಯ ಕಿರುಕುಳ ರಾಜ್ಯದಲ್ಲೆಲ್ಲ ಹೆಚ್ಚಾಗಿ ಸಾವುಗಳೂ ಸಂಭವಿಸಿದ ಮೇಲೆ 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಿತು. ಅವ್ವನಿಗೆ ಕೊಟ್ಟಿದ್ದ ವಿವರ ಪತ್ರ ಎಲ್ಲಿ ಎಂದು ಕೇಳಿದೆ. "ಯಾವ್ದೋ ಕಾಗದಕ್ಕ ಸಹಿ ಹಾಕಿಸ್ಕೊಂಡ್ರವ್ವ, ಕೊಟ್ಟದ್ದು ನೆನಪಿಲ್ಲ," ಎಂದಳು.

ಇನ್ನು ಎರಡನೆಯ ಮಾತು, ನೌಕರಿಯದು. ಸರ್ಕಾರಿ ನೌಕರಿಯ ಹುಚ್ಚೆಂದು ಪತ್ರಿಕೆಗಳಲ್ಲಿ ಬರೆಯುವವರು ಒಂದು ವರ್ಷ ನಮ್ಮ ಕಡೆ ಮಳೆ ನೋಡುತ್ತ ಬಾಳಬೇಕು. ಯಾವುದೂ ತಾರೀಖಿಗೆ ಸರಿಯಾಗಿ ಬಾರದ ಸೀಮೆಯಲ್ಲಿ ಪಗಾರವೊಂದೇ ತಾರೀಖಿಗೆ ಬರುತ್ತದೆ. ನಮ್ಮಪ್ಪ ಹಿಂಗಾರಿ ಬಿತ್ತಿಗೆ ಮುಗಿದೊಡನೆ ಮಂಗಳೂರಿಗೆ ಗುಳೆ ಹೋಗುತ್ತಾನೆ, ಸೆಂಟ್ರಿಂಗ್ ಕೆಲಸಕ್ಕೆ. ಮೇಸ್ತ್ರಿಯ ಬಳಿ ಮುಂಗಡ ತೆಗೆದುಕೊಂಡಿರುತ್ತಾನೆ; ಮುಂಗಡ ತೀರುವವರೆಗೆ ತಿರುಗಿ ಬರುವಂತಿಲ್ಲ. ಯಲಬುರ್ಗಾ, ಕುಷ್ಟಗಿಗಳ ಎಷ್ಟೋ ಊರುಗಳಲ್ಲಿ ಮಾಘಮಾಸಕ್ಕೆ ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಯ ಮಕ್ಕಳು. ಗುಳೆಯನ್ನು ನಿಲ್ಲಿಸಲೆಂದೇ 2005ರ ಉದ್ಯೋಗ ಖಾತರಿ ಕಾಯಿದೆ ಮನೆಗೆ ವರ್ಷಕ್ಕೆ 100 ದಿನಗಳ ಕೆಲಸದ ಮಾತು ಕೊಟ್ಟಿತ್ತು. 2025ರ ಏಪ್ರಿಲಿನಲ್ಲಿ ನಮ್ಮ ರಾಜ್ಯದಲ್ಲಿ ಅದರ ಕೂಲಿ ದಿನಕ್ಕೆ 370 ರೂಪಾಯಿ ಆಗಿತ್ತು. ಅವ್ವ ಕೆರೆಯ ಹೂಳು ತೆಗೆಯಲು ಹೋಗುತ್ತಿದ್ದಳು. 2023ರ ಜನವರಿಯಿಂದ ಹಾಜರಿಯನ್ನು ಫೋನಿನಲ್ಲಿಯೇ ಹಾಕಬೇಕೆಂದಾಯಿತು. ದಿನಕ್ಕೆ ಎರಡು ಬಾರಿ ಕೆಲಸದ ಜಾಗದಲ್ಲಿ ಎಲ್ಲರ ಫೋಟೋ. ಸುಳ್ಳು ಹಾಜರಿಯನ್ನು ತಡೆಯಲು ಇದು ಒಳ್ಳೆಯ ಉಪಾಯ. ಸುಳ್ಳು ಹಾಜರಿ ಇರಲಿಲ್ಲವೆಂದು ನಾನೂ ಹೇಳಲಾರೆ. ಆದರೆ ಒಂದು ದಿನ ನೆಟ್‌ವರ್ಕ್ ಸಿಗಲಿಲ್ಲ. ಮಣ್ಣು ಹೊತ್ತದ್ದು ಎಲ್ಲರೂ ನೋಡಿದ್ದರು, ಫೋನು ನೋಡಿರಲಿಲ್ಲ. "ಮ್ಯಾಲಿಂದ ಬಂದಿಲ್ಲ," ಎಂಬುದೇ ಕೊನೆಯ ಉತ್ತರ. ಈ 'ಮ್ಯಾಲೆ' ಎಂಬುದು ಯಾವ ಊರಿನಲ್ಲಿದೆಯೆಂದು ಅವ್ವ ಇನ್ನೂ ಕೇಳುತ್ತಾಳೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯಿದೆಯ ಜಾಗದಲ್ಲಿ ಬೇರೊಂದನ್ನು ಮಾಡಿತು. ಅದರಲ್ಲಿ ದಿನಗಳು 125 ಎಂದು ಬರೆದಿದ್ದಾರೆ.

ಹೀಗಿರುವಾಗ ಮಗಳು ಸರ್ಕಾರಿ ನೌಕರಿ ಹಿಡಿಯಲಿ ಎನ್ನುವುದು ಹುಚ್ಚಲ್ಲ. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ 371(ಜೆ) ಕಲಮು ನಮ್ಮ ಭಾಗದವರಿಗೆ ಹುದ್ದೆಗಳಲ್ಲಿ ಪಾಲು ಕೊಟ್ಟಿದೆ. ಬಸ್ಸಿನಲ್ಲಿ ಅದರ ಸಂಖ್ಯೆ ಗೊತ್ತಿಲ್ಲದವರಿಲ್ಲ. ಆದರೆ ಇಲ್ಲಿ ನಾನು ಹಿರಿಯರೊಡನೆ ಸ್ವಲ್ಪ ಜಗಳವಾಡುತ್ತೇನೆ. ಕುಷ್ಟಗಿಯ ಕಡೆಯ ನನ್ನ ಗೆಳತಿಯ ಅಣ್ಣ ಪದವಿ ಮುಗಿಸಿ ಐದು ವರ್ಷಗಳಿಂದ ಧಾರವಾಡದಲ್ಲಿ ಕೊಠಡಿ ಹಿಡಿದು ಪರೀಕ್ಷೆಗಳನ್ನು ಬರೆಯುತ್ತಿದ್ದಾನೆ. ಕೊಠಡಿಯ ಬಾಡಿಗೆಗೆ ತಂದೆ ಎರಡು ಎಕರೆ ಲಾವಣಿಗೆ ಕೊಟ್ಟಿದ್ದಾರೆ. ಆ ಐದು ವರ್ಷಗಳನ್ನು ಯಾವ ಖಾತೆಯಲ್ಲಿ ಬರೆಯಬೇಕು? 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ಬಾರಿಗೆ ರೈಲು ಬಂದಾಗ ಅವನು ಹಳಿಯ ಬಳಿ ನಿಂತು ತೆಗೆಸಿಕೊಂಡ ಫೋಟೋ ಕಳಿಸಿದ್ದ. ಇನ್ನು ಮನೆಗೆ ಬರುವುದು ಸುಲಭವೆಂದು ಬರೆದಿದ್ದ. ಬಂದದ್ದು ಮಾತ್ರ ದೀಪಾವಳಿಗೇ. ಬೇರೆ ದುಡಿಮೆಯನ್ನು 'ಕೂಲಿ' ಎಂದು ಕೀಳಾಗಿ ಕಾಣುವುದರಲ್ಲಿ ಮಾತ್ರ ನಮ್ಮ ಜನರ ಲೆಕ್ಕ ತಪ್ಪುತ್ತದೆ. ಅದೇ ಅಣ್ಣ ಊರಲ್ಲಿ ಒಂದು ಮೋಟಾರು ದುರಸ್ತಿಯ ಅಂಗಡಿ ಹಾಕಿದರೆ ಹೆಣ್ಣು ಕೊಡುವವರಿಲ್ಲ. ಉದ್ಯೋಗವಿಲ್ಲದೆ ಓದುತ್ತಿದ್ದರೆ ಕೊಡಲು ಮುಂದೆ ಬರುತ್ತಾರೆ.

ಮೂರನೆಯ ಮಾತಿಗೆ ಗಂಗಾವತಿಗೆ ಹೋಗಬೇಕು. ನಮ್ಮ ಚಿಕ್ಕವ್ವನನ್ನು ಅಲ್ಲಿನ ಒಂದು ಕ್ಯಾಂಪಿನ ಬಳಿ ಕೊಟ್ಟಿದೆ. ಆಕೆ ಭತ್ತದ ನಾಟಿಯ ಗುಂಪಿನಲ್ಲಿದ್ದಾಳೆ; ಎಕರೆಗಿಷ್ಟೆಂದು ಗುತ್ತಿಗೆ. ನಾಟಿ ಇನ್ನೂ ಬಹುಮಟ್ಟಿಗೆ ಕೈಯದೇ. ಕೊಯ್ಲು ಮಾತ್ರ ಯಂತ್ರದ್ದು. ಅದು ಗದ್ದೆಗೆ ಇಳಿದರೆ ಕೊಯ್ದು, ಬಡಿದು, ತೂರಿ, ಕಾಳನ್ನು ಟ್ರ್ಯಾಕ್ಟರಿಗೆ ಸುರಿಯುತ್ತದೆ. ಹತ್ತಾರು ಜನರ ದಿನಗಟ್ಟಲೆಯ ಕೆಲಸ ಒಂದೆರಡು ತಾಸಿನಲ್ಲಿ ತೀರುತ್ತದೆ. ಚಿಕ್ಕವ್ವ ಯಂತ್ರವನ್ನು ಬಯ್ಯುವಳೆಂದು ಎಣಿಸಿ ಕೇಳಿದೆ. ಆಕೆ ಬಯ್ಯಲಿಲ್ಲ. "ಬಗ್ಗಿ ಬಗ್ಗಿ ನಡ ಹೋಗೇತಿ. ನಾಟಿಗೂ ಮಷೀನು ಬರವೊಲ್ದ್ಯಾಕ ಅಂತೀನಿ," ಎಂದಳು. ಆಮೇಲೆ ತಡೆದು, "ಆದ್ರ ಸುಗ್ಗಿ ಕಾಳು ಮನಿಗೆ ಬರ್ತಿತ್ತು. ಈಗ ಅಕ್ಕಿ ಬೆಳ್ಯೂ ಊರಾಗ ಕುಂತು ರೇಶನ್ ಅಕ್ಕಿ ತರ್ತೀವಿ," ಎಂದಳು. ಗದ್ದೆಯ ಒಡೆಯರ ಮಾತೂ ಸುಳ್ಳಲ್ಲ: ಕೊಯ್ಲಿನ ಹೊತ್ತಿಗೆ ಆಳು ಸಿಗುವುದಿಲ್ಲ, ಅಕಾಲದ ಮಳೆ ಬಂದರೆ ತೆನೆ ಗದ್ದೆಯಲ್ಲಿಯೇ ಮೊಳೆಯುತ್ತದೆ. ಯಂತ್ರ ಕೊಯ್ದ ಗದ್ದೆಯಲ್ಲಿ ಹುಲ್ಲು ಹಿಂದಿನಂತೆ ಕೈಗೆ ಬರುವುದಿಲ್ಲ, ಎಮ್ಮೆಗೆ ಮೇವಿಲ್ಲ ಎಂಬುದೊಂದನ್ನು ಇಬ್ಬರೂ ಒಪ್ಪುತ್ತಾರೆ.

ಯಂತ್ರದ ಬಗ್ಗೆ ಇದೇ ಜನ ಎಂಥ ಗೌರವ ತೋರಿಸಬಲ್ಲರೆಂಬುದನ್ನು 2024ರಲ್ಲಿ ಕಂಡೆವು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ; ಎರಡು ಬೆಳೆಯ ನೀರು ಕಣ್ಣೆದುರಿಗೆ ಹರಿದುಹೋಗುತ್ತಿತ್ತು. ಆ ವಾರ ಬಸ್ಸಿನಲ್ಲಿ ಬೇರೆ ಮಾತಿರಲಿಲ್ಲ. ಗೇಟುಗಳ ಕೆಲಸದಲ್ಲಿ ನುರಿತ ಕನ್ನಯ್ಯ ನಾಯ್ಡು ಎಂಬ ಹಿರಿಯ ಎಂಜಿನಿಯರರು ಬಂದರು. ಹರಿಯುವ ನೀರಿನಲ್ಲಿಯೇ ಒಂದರ ಮೇಲೊಂದು ಕಬ್ಬಿಣದ ಹಲಗೆಗಳನ್ನು ಇಳಿಸಿ, ವಾರ ಕಳೆಯುವಷ್ಟರಲ್ಲಿ ನೀರನ್ನು ತಡೆದರು. ಸ್ಟಾಪ್‌ಲಾಗ್ ಎಂಬ ಶಬ್ದ ಅಂದು ಕುರಿ ಕಾಯುವವರ ಬಾಯಲ್ಲಿಯೂ ಬಂತು. ಏಳು ದಶಕಗಳ ಹಳೆಯ ಯಂತ್ರ ಮುರಿದಾಗ ಜನ ಯಂತ್ರವನ್ನು ಶಪಿಸಲಿಲ್ಲ. ಯಾರು ಬಂದರು, ಯಾರು ಇಳಿದರು, ಯಾರು ಬೆಸುಗೆ ಹಾಕಿದರು ಎಂದು ಕೇಳಿದರು, ಕೇಳಿ ನೆನಪಿಟ್ಟರು.

ಈಗ ಪ್ರಶ್ನೆ ಕೇಳಿದರೆ ಪುಟಗಟ್ಟಲೆ ಉತ್ತರ ಬರೆದುಕೊಡುವ ಯಂತ್ರವೂ ಫೋನಿನಲ್ಲಿಯೇ ಇದೆ. ನಮ್ಮ ತರಗತಿಯಲ್ಲಿ ಅದರಿಂದ ಅಸೈನ್‌ಮೆಂಟ್ ಬರೆಸಿಕೊಳ್ಳುವವರಿದ್ದೇವೆ. ('ಇದ್ದಾರೆ' ಎಂದು ಬರೆಯಲು ಮನಸ್ಸು ಒಪ್ಪಲಿಲ್ಲ, ಗುರುಗಳು ಕ್ಷಮಿಸಬೇಕು.) ಅದು ಹೇಳಿದ್ದು ತಪ್ಪಾದರೆ ಅಂಕ ಹೋಗುವುದು ನಮ್ಮದು. ಅಜ್ಜಿಯ ಪ್ರಶ್ನೆ ಇಲ್ಲಿಯೂ ಬಂದು ನಿಲ್ಲುತ್ತದೆ. ಆದರೆ ಇದರ ವಿಷಯ ಬರೆಯುವಷ್ಟು ಅನುಭವ ನನಗಿನ್ನೂ ಇಲ್ಲ.

ಅವ್ವನ ಲೆಕ್ಕದ ಕಥೆ ಅರ್ಧಕ್ಕೆ ನಿಂತಿತು. ಮುಂದಿನ ಕಂತಿನ ದಿನ ನಾನು ಕಾಲೇಜಿಗೆ ಹೋಗದೆ ಕಾಗದದೊಡನೆ ಸಂಘದ ಕಟ್ಟೆಯ ಮೇಲೆ ಕೂತೆ. ಹುಡುಗ ಬಂದ. "ಅಣ್ಣಾ, ಬಡ್ಡಿ ಎಷ್ಟು ಅಂತ ಬರೆದ ಕನ್ನಡದ ಕಾಗದ ಕೊಡಬೇಕು ಅಂತ ನಿಯಮ ಐತಿ, ನಮ್ಮವ್ವಗ ಬಂದಿಲ್ಲ," ಎಂದೆ. ಅವನು ನನ್ನನ್ನೂ ಕಾಗದವನ್ನೂ ನೋಡಿ, ಯಾವ ಕಾಲೇಜು ಎಂದು ಕೇಳಿದ. ಹೇಳಿದೆ. ತಾನೂ ಅಲ್ಲಿಯೇ ಓದಿದವನೆಂದ, ಮ್ಯಾನೇಜರಿಗೆ ಹೇಳುತ್ತೇನೆಂದ. ಎರಡು ಕಂತು ಕಳೆದ ಮೇಲೆ ಕಾಗದ ಬಂತು. ಅದರಲ್ಲಿ ವಾರ್ಷಿಕ ಬಡ್ಡಿಯ ಜಾಗದಲ್ಲಿ ಹನ್ನೆರಡು ಎಂದಿರಲಿಲ್ಲ. ನನ್ನ ಲೆಕ್ಕಕ್ಕಿಂತಲೂ ಮೇಲಿನ ಅಂಕೆಯಿತ್ತು. ಸಾಲ ಇಳಿಯಲಿಲ್ಲ, ಕಂತೂ ಇಳಿಯಲಿಲ್ಲ. ಅವ್ವ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಅಜ್ಜಿಯ ಟ್ರಂಕಿನಲ್ಲಿ ಪಾಸ್‌ಬುಕ್ಕುಗಳ ಗಂಟಿನ ಮೇಲಿಟ್ಟಳು. ಹೊಸ ಸಾಲಕ್ಕೆ ಹೆಸರು ಬರೆಸುವ ದಿನ ಬಂದಾಗ ಬರೆಸಲಿಲ್ಲ.

ಓಣಿಯಲ್ಲಿ ಸುದ್ದಿಯಾಯಿತು. ಈಗ ನನ್ನ ಅರ್ಥಶಾಸ್ತ್ರದ ಟಿಪ್ಪಣಿಗಳ ಕೆಳಗೆ ಬೇರೆ ಬೇರೆ ಮನೆಗಳ ಹನ್ನೊಂದು ಸಾಲದ ಕಾರ್ಡುಗಳಿವೆ. ಪರೀಕ್ಷೆ ಮುಗಿಯುವವರೆಗೆ ತಡೆಯಿರೆಂದು ಹೇಳಿದ್ದೇನೆ. ಆದರೂ ನಿನ್ನೆ ಸಂಜೆ ಇನ್ನೊಬ್ಬರು ಸೆರಗಿನಲ್ಲಿ ಮುಚ್ಚಿಕೊಂಡು ಒಂದನ್ನು ತಂದುಕೊಟ್ಟು ಹೋದರು.